ಟರ್ನ್ ಅಪ್ ಆದವರು ಆಡಬೇಕು

ನಮ್ಮ ಬೆವ್ ಟ್ರೆಗೆಂಜಾಳ ಬಾಯಲ್ಲಿ ಒಂದೇ ಮಾತು: ಟರ್ನ್ ಅಪ್. ಕಾರಿನ ಕೀ ಕಳೆದುಹೋಯಿತೇ? ಹುಡುಕಬೇಡ, ಅದೇ ಟರ್ನ್ ಅಪ್ ಆಗತ್ತೆ. ಮಳೆಯಿಲ್ಲವೇ? ಅದೂ ಟರ್ನ್ ಅಪ್ ಆಗತ್ತೆ. ಅವಳ ಮಗಳ ಮದುವೆಗೆ ಏನು ತರಲಿ ಎಂದು ಕೇಳಿದ್ದಕ್ಕೆ, ಏನೂ ಬೇಡ, ನೀನು ಟರ್ನ್ ಅಪ್ ಆದ್ರೆ ಸಾಕು ಎಂದಿದ್ದಳು. ಹೇಳಿದ ಹೊತ್ತಿಗೆ ಬಂದು ಮುಖ ತೋರಿಸಿದವರೆಲ್ಲ ಅವಳ ಪಾಲಿಗೆ ದೇವರಂಥವರು. ಬರುತ್ತೇನೆಂದು ಹೇಳಿ ಕೈಕೊಟ್ಟವರ ಕಥೆ ಮಾತ್ರ ಮುಗಿದಂತೆಯೇ.

ಬೆವ್ ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾಳೆ, ಶನಿವಾರ ನಮ್ಮ ನೆಟ್‌ಬಾಲ್ ತಂಡದ ಸ್ಕೋರು ಬರೆಯುತ್ತಾಳೆ. ಹರೆಯದಲ್ಲಿ ಆಯ್ಕೆಗೆಂದು ಮೂರು ವರ್ಷ ಹೋಗಿದ್ದಳಂತೆ, ಮೂರು ವರ್ಷವೂ ಬೇಡವೆಂದರಂತೆ. ಹಾಗಾದರೆ ಪೆನ್ನಾದರೂ ಕೊಡಿ ಎಂದು ಕೂತವಳು ಮೂವತ್ತೆಂಟು ವರ್ಷ ಎದ್ದಿಲ್ಲ. ಆದರೂ ಪ್ರತಿ ಶನಿವಾರ ಬ್ಯಾಗಿನಲ್ಲಿ ಆಟದ ಶೂ ತರುತ್ತಿದ್ದಳು. ಅದಕ್ಕೆ ನಾವು ಅವಳನ್ನು ರೇಗಿಸುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಶನಿವಾರ ನಮ್ಮ ರಾಜ್ಯದ ಗಡಿ ದಾಟಿ, ಪಕ್ಕದ ವಿಕ್ಟೋರಿಯಾ ರಾಜ್ಯದ ಬೂಲ್ಕನ್ನಿನಲ್ಲಿ ಹನ್ನೆರಡು ಗಂಟೆಗೆ ಪಂದ್ಯ. ಆಟಗಾರ್ತಿಯರು ಸಾಲದೆ ಈ ವರ್ಷ ಎರಡು ಪಂದ್ಯ ಬಿಟ್ಟುಕೊಟ್ಟಿದ್ದೆವು. ಮೂರನೆಯದೂ ಹೋದರೆ ತಂಡವನ್ನೇ ಲೀಗಿನಿಂದ ಕಿತ್ತುಹಾಕುತ್ತಾರೆ. ಏಳು ಜನರ ಆಟ, ಕೊನೇಪಕ್ಷ ಐವರಾದರೂ ನಿಲ್ಲಬೇಕು. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ನಾವಿದ್ದದ್ದು ನಾಲ್ವರು. ಟಾಲಿಯಾ ಮತ್ತು ಅವಳ ಕಾರಿನಲ್ಲಿ ಬರಬೇಕಿದ್ದ ಇನ್ನಿಬ್ಬರ ಪತ್ತೆಯೇ ಇಲ್ಲ.

ಫೋನ್ ಮಾಡಿದೆ. "ಬರ್ತಾ ಇದೀವಿ, ಇನ್ನೂ ಹನ್ನೊಂದೂವರೆನೂ ಆಗಿಲ್ವಲ್ಲ" ಎಂದಳು ಟಾಲಿಯಾ, ಆರಾಮವಾಗಿ. ನನಗೆ ಮೈಯೆಲ್ಲ ಉರಿದುಹೋಯಿತು. ಗಡಿಯಾಚೆ ಗಡಿಯಾರ ಅರ್ಧ ಗಂಟೆ ಮುಂದೆ ಎಂಬುದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಈ ಮಹಾರಾಯ್ತಿ ಮರೆತಿದ್ದಳು!

ಇನ್ನೇನು, ಮುಗಿಯಿತು ಎಂದುಕೊಂಡು ತಿರುಗಿದರೆ ಬೆವ್ ಶೂ ಕಟ್ಟಿಕೊಳ್ಳುತ್ತಿದ್ದಾಳೆ. ಅರವತ್ತೊಂದು ವರ್ಷ ನಿನಗೆ, ತಲೆ ಕೆಟ್ಟಿದೆಯಾ ಎಂದೆ.

"ಟರ್ನ್ ಅಪ್ ಆದವರು ಆಡಬೇಕು. ನಾನು ಹತ್ತು ಗಂಟೆಯಿಂದ ಇಲ್ಲೇ ಇದೀನಿ" ಎಂದಳು.

ತಂಡದ ಪಟ್ಟಿಯಲ್ಲಿ ತನ್ನ ಹೆಸರು ಬರೆದು, ಸ್ಕೋರು ಬರೆಯುವ ಕೆಲಸವನ್ನು ಬೂಲ್ಕನ್ನಿನವರಿಗೆ ಒಪ್ಪಿಸಿ, ಪೆನ್ನನ್ನು ಬ್ಯಾಗಿಗೆ ಹಾಕಿದಳು.

ಅಬ್ಬಾ, ಆ ಆಟ! ನಮ್ಮ ಗೋಲು ಕಾಯಲು ನಿಂತ ಬೆವ್‌ಗೆ ಎದುರಾದವಳು ಆರಡಿ ಎತ್ತರದ ಹುಡುಗಿ. ಬೆವ್ ಹಾರಲಾರಳು, ಓಡಲಾರಳು. ಆದರೆ ಮೂವತ್ತೆಂಟು ವರ್ಷ ಎವೆಯಿಕ್ಕದೆ ಆಟ ನೋಡಿದ ಕಣ್ಣು ಅವಳದು. ಚೆಂಡು ಎಲ್ಲಿಗೆ ಬೀಳುತ್ತದೆಂದು ಎಲ್ಲರಿಗಿಂತ ಮೊದಲೇ ತಿಳಿದು, ಅಲ್ಲಿ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದಳು. ಮೈದಾನದ ಸುತ್ತ ಕಾರುಗಳಲ್ಲಿ ಕೂತಿದ್ದ ಬೂಲ್ಕನ್ನಿನವರೇ ಅವಳಿಗೆ ಚಪ್ಪಾಳೆಯ ಬದಲು ಹಾರ್ನ್ ಹೊಡೆದರು. ಏಳು ಜನರೆದುರು ಐವರೇ ಆಡಿ, ಅರ್ಧ ಆಟ ಮುಗಿದಾಗ ನಾವು ಆರೇ ಗೋಲು ಹಿಂದಿದ್ದೆವು. ನನಗಂತೂ ಕಾಲು ನೆಲದ ಮೇಲಿರಲಿಲ್ಲ.

ಆಗ ಧೂಳೆಬ್ಬಿಸಿಕೊಂಡು ಟಾಲಿಯಾಳ ಕಾರು ಬಂತು. ಈಗ ಏಳು ಜಾಗಕ್ಕೆ ಎಂಟು ಜನ. ಬೆವ್ ಯಾರ ಮುಖವನ್ನೂ ನೋಡದೆ ಆಟದ ಜಾಗದ ಅಕ್ಷರವಿರುವ, ಎದೆಯ ಮೇಲೆ ಕಟ್ಟುವ ಬಿಬ್ಬಿನ ಪಟ್ಟಿ ಬಿಚ್ಚತೊಡಗಿದಳು.

ಟಾಲಿಯಾ ಅವಳ ಕೈ ಹಿಡಿದಳು. "ಬಿಚ್ಚಬೇಡ ಬೆವ್. ಟೈಮಿಗೆ ಟರ್ನ್ ಅಪ್ ಆದೋಳು ನೀನು. ಪೆನ್ನು ಇಲ್ಲಿ ಕೊಡು."

ಬೆವ್ ಬ್ಯಾಗಿನಿಂದ ಪೆನ್ನು ತೆಗೆದಳು. ಅದನ್ನು ಟಾಲಿಯಾಳ ಕೈಗಿತ್ತು, ಗೋಲು ಬಿದ್ದ ತಕ್ಷಣ ಬರಿ, ಆಮೇಲೆ ಬರೀತೀನಿ ಅನ್ನಬೇಡ ಎಂದು ಗದರಿ, ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಹೋದಳು.

ಒಂದೇ ಒಂದು ಗೋಲಿನಿಂದ ಸೋತೆವು. ಆದರೆ ತಂಡ ಉಳಿಯಿತು. ಊರು ಮುಟ್ಟುವವರೆಗೂ ಬೆವ್ ಆ ಬಿಬ್ಬು ಬಿಚ್ಚಲಿಲ್ಲ.