ಯಮನವ್ವ ನುಂಗದ ಗುಳಿಗೆ

ಭಾಗ್ಯಾ ಹುಟ್ಟಿದ್ದು ಪುಣೆಯಲ್ಲಿ, ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅವಳ ಅಪ್ಪ ತಾಯಪ್ಪ, ಅವ್ವ ಯಮನವ್ವ ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಇಟ್ಟಿಗೆ ಹೊತ್ತು ಮಗಳನ್ನು ನರ್ಸ್ ಮಾಡಿದರು. ತಾಯಪ್ಪ ತೀರಿಕೊಂಡ, ಯಮನವ್ವ ಹೊರುವುದು ಬಿಡಲಿಲ್ಲ, ಶೆಡ್ಡಿನ ವಾಸವೂ ಬಿಡಲಿಲ್ಲ.

ಭಾಗ್ಯಾ ಶಿವಾಜಿನಗರದ ಒಂದು ದವಾಖಾನೆಯಲ್ಲಿ ಬಿಪಿ ರೋಗಿಗಳನ್ನು ನೋಡಿಕೊಳ್ಳುತ್ತಾಳೆ. ಗುಳಿಗೆಯ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಅಟೆನೊಲಾಲ್ ಕೊಡುವ ಮೊದಲು ನಾಡಿ ಎಣಿಸಬೇಕು, ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಆಮ್ಲೋಡಿಪಿನ್‌ನಿಂದ ಪಾದ ಬಾತುಕೊಳ್ಳಬಹುದು. ಮೈಯ ಉಪ್ಪು ನೀರು ಹೊರಹಾಕುವ ಗುಳಿಗೆಯನ್ನು ಮುಂಜಾನೆಯೇ ನುಂಗಬೇಕು. ದಿನವಿಡೀ ಇದನ್ನೇ ಮರಾಠಿಯಲ್ಲಿ ಹೇಳುತ್ತಾಳೆ.

ಅವ್ವನ ಬಿಪಿ ನೂರೆಂಬತ್ತು ಮುಟ್ಟಿ, ಡಾಕ್ಟರು ಆಮ್ಲೋಡಿಪಿನ್ ಜೊತೆ ಆ ನೀರಿನ ಗುಳಿಗೆಯನ್ನೂ ಬರೆದಾಗ, ಅದನ್ನೇ ಕನ್ನಡದಲ್ಲಿ ಹೇಳಿದಳು.

"ನಿಮ್ಮ ಡಾಕ್ಟರ್‌ಗ ಹನ್ನೊಂದನೇ ಮಜಲಿಗಿ ಇಟ್ಟಿಗಿ ಹೊರಾಕ ಹೇಳು. ಅವಂದೂ ಏರತದ," ಎಂದು ಯಮನವ್ವ ನಕ್ಕಳು.

"ಚೇಷ್ಟಿ ಸಾಕು ಯವ್ವಾ. ದಿನಾ ನುಂಗ್ತಿ ಇಲ್ಲೋ?"

"ನುಂಗ್ತೀನವಾ, ನುಂಗ್ತೀನಿ."

ಪ್ರತಿ ರವಿವಾರ ಅದೇ ಪ್ರಶ್ನೆ, ಅದೇ ಉತ್ತರ. ಬಿಪಿ ಮಾತ್ರ ಇಳಿಯಲಿಲ್ಲ. ಪಾದಗಳು ಬಾತುಕೊಂಡವು. ಆಮ್ಲೋಡಿಪಿನ್‌ನದೇ ಕಾಟ ಅಂದುಕೊಂಡಳು ಭಾಗ್ಯಾ. ಡಾಕ್ಟರು ಇನ್ನೊಂದು ಗುಳಿಗೆ ಸೇರಿಸಿದರು.

ಒಂದು ಮಂಗಳವಾರ ಮಧ್ಯಾಹ್ನ ಯಮನವ್ವ ಇಟ್ಟಿಗೆ ಬುಟ್ಟಿಯ ಸಮೇತ ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು.

ಆಸ್ಪತ್ರೆಯವರು ಆಧಾರ್ ಕಾರ್ಡ್ ಕೇಳಿದರೆಂದು ಭಾಗ್ಯಾ ಶೆಡ್ಡಿಗೆ ಬಂದು ಟ್ರಂಕು ತೆಗೆದಳು. ನೀರಿನ ಗುಳಿಗೆಯ ನಾಲ್ಕು ತಿಂಗಳ ಹಾಳೆಗಳು ಅಲ್ಲಿದ್ದವು. ಒಡೆದಿದ್ದು ಮೂರೇ ಗುಳಿಗೆ. ಅವ್ವನ ಜೊತೆ ಇಟ್ಟಿಗೆ ಹೊರುವ ನಾಗವ್ವ ಬಾಗಿಲಲ್ಲಿ ನಿಂತಿದ್ದಳು.

"ಇವ್ಯಾಕ ನುಂಗಿಲ್ಲ ಅತ್ತಿ?"

"ನುಂಗಿ ಎಲ್ಲಿ ಹೋಗಬೇಕವಾ? ಮೂರು ದಿನ ನುಂಗಿದ್ಳು. ತಾಸಿಗೊಮ್ಮಿ ಉಚ್ಚಿ. ಹನ್ನೊಂದು ಮಜಲ ಇಳೀಬೇಕು, ಕೆಲಸ ಮಾಡಸೋ ಮುಕಾದಮನ್ನ ಕೇಳಬೇಕು, ಗಂಡಸರು ಬೀಡಿ ಸೇದೋ ಕಡೀನೇ ಕುಂದ್ರಬೇಕು. ಹೊತ್ತು ಮುಳುಗೋತನಕ ನಾವು ನೀರೂ ಕುಡಿಯಂಗಿಲ್ಲ. ನೀನೂ ಇಂಥಾ ಶೆಡ್ಡಿನಾಗ ಬೆಳದಾಕಿ, ಗೊತ್ತಿಲ್ಲೇನು?"

ಸೈಟಿನಲ್ಲಿ ಪಾಯಖಾನೆಯೇ ಇರಲಿಲ್ಲ ಎಂದಲ್ಲ. ಇಂಜಿನಿಯರುಗಳಿಗಿತ್ತು. ಅದಕ್ಕೆ ಬೀಗವಿತ್ತು.

"ನನಗ ಹೇಳಬೇಕಿತ್ತಲ್ಲ!"

"ಹೇಳಿದ್ರ ಕೆಲಸ ಬಿಡಸ್ತಿದ್ದಿ. ಗುಳಿಗಿ ನುಂಗಿದೇನು ಅಂತ ವಾರಾ ಕೇಳಿದಿ. ಉಚ್ಚಿ ಎಲ್ಲಿ ಹೊಯ್ತಿ ಅಂತ ಒಂದಿನಾನೂ ಕೇಳಲಿಲ್ಲ."

ಭಾಗ್ಯಾ ಹಾಳೆಗಳನ್ನು ಮತ್ತೆ ಟ್ರಂಕಿನಲ್ಲಿಟ್ಟಳು. ಕಾರ್ಡು ತೆಗೆದುಕೊಂಡು ರಿಕ್ಷಾ ಹತ್ತಿದಳು.

ಯಮನವ್ವ ನಾಲ್ಕು ದಿನ ಉಸಿರು ಎಳೆದಳು. ಸತ್ತ ಮೇಲೆ ಅಲ್ಲಿಯ ನರ್ಸ್ ಕಾಗದ ತುಂಬುತ್ತ, "ಔಷಧ ಸರಿಯಾಗಿ ತಗೊಂಡಿದ್ದರಾ?" ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲ ಎಂದಳು ಭಾಗ್ಯಾ. 'ರೋಗಿಯ ನಿರ್ಲಕ್ಷ್ಯ' ಎಂದು ಬರೆದ ಕಾಗದ ಅವಳ ಮುಂದೆ ಬಂತು. ಎಷ್ಟೋ ಜನರ ಹೆಸರಿನ ಮುಂದೆ ಅವಳೂ ಅದನ್ನೇ ಬರೆದಿದ್ದಳು. ಓದಿದಳು, ಸಹಿ ಹಾಕಿದಳು.