ಕೂಸನ್ನು ಎಲ್ಲರೂ ಮುಟ್ಟಿದರು

ಚಳ್ಳಕೆರೆ ಆಸ್ಪತ್ರೆಯಿಂದ ಬಂದ ಬಾಣಂತಿ ಮಗಳು ಆಟೋ ಇಳಿದು ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ನನ್ನ ಗಂಡನ ಅಣ್ಣ ಬಾಗಿಲಿಗೆ ಅಡ್ಡ ನಿಂತರು.

"ಒಳಗೆ ಬರಂಗಿಲ್ಲ. ಹಟ್ಟಿ ಆಚೆ ಗುಡಿಸ್ಲು ಹಾಕ್ಸೀನಿ, ಸೂತಕ ಕಳೆಯೋಗಂಟ ತಾಯಿ ಮಗು ಅಲ್ಲೇ ಇರ್ಲಿ. ಮುಟ್ಟಿದೋರೂ ಅಲ್ಲಿಗೇ ಹೋಗ್ಬೇಕು" ಅಂದರು.

ಹೊಲಿಗೆಯ ನೋವಿಗೆ ಮಗಳು ಗೋಡೆ ಹಿಡಿದು ನಿಂತಿದ್ದಳು. ಕೂಸು ನನ್ನ ಕೈಯಲ್ಲಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಆಗ ಪಕ್ಕದ ಮನೆ ತಿಮ್ಮಕ್ಕ ಬಂದು ಕೂಸನ್ನು ನನ್ನಿಂದ ಎತ್ತಿಕೊಂಡಳು. ಅವಳಿಂದ ಅವಳ ಸೊಸೆ, ಆಮೇಲೆ ಎದುರು ಮನೆಯವರು, ಕೊನೆಗೆ ಭಾವನ ಹೆಂಡತಿಯೇ ಕೈಚಾಚಿ ಎದೆಗೆ ಒತ್ತಿಕೊಂಡರು.

"ಈಗ ಎಲ್ರೂ ಮುಟ್ಟೀವಿ ಮಾವ. ಎಲ್ರನ್ನೂ ಗುಡಿಸ್ಲಿಗೆ ಕಳಿಸ್ರಿ. ರಾತ್ರಿಗೆ ಮುದ್ದೆ ನೀವೇ ತಿರುವ್ಕಳ್ರಿ" ಅಂದಳು ತಿಮ್ಮಕ್ಕ. ಭಾವ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಮೊಮ್ಮಗಳು ಈಗ ನನ್ನ ಮಗ್ಗುಲಲ್ಲೇ ಬೆಚ್ಚಗೆ ಮಲಗುತ್ತಾಳೆ, ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೂ ಸಿಟ್ಟು ಆರಿಲ್ಲ. ಇದೇ ಮಗಳನ್ನು ಹೆತ್ತಾಗ ನಾನು ಅಂಥ ಗುಡಿಸಲಿನಲ್ಲೇ ನಡುಗುತ್ತಾ ಕೂತಿದ್ದೆ. ಆಗಲೂ ಹಟ್ಟಿ ತುಂಬಾ ಹೆಂಗಸರಿದ್ದರು, ಒಬ್ಬರೂ ಬಂದು ಮುಟ್ಟಲಿಲ್ಲ.