ರಮಾ ತಳ್ಳಿದ ಕಾರು

ಅರಸೀಕೆರೆಯ ಜೂನಿಯರ್ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ರಮಾ ಅಟೆಂಡರ್. ೨೦೦೨ರ ಚಳಿಗಾಲದಲ್ಲಿ ಅವಳಿಗೆ ನಲವತ್ತಮೂರು ವರ್ಷ. ಕಾಲೇಜಿಗೆ ಹೊರಡುವ ಮುಂಚೆ, ಬೆಳಿಗ್ಗೆ ಏಳೂವರೆಗೆ, ಅವಳು ದಿನಾ ಒಂದು ಕಾರು ತಳ್ಳಬೇಕಾಗಿತ್ತು.

ಕಾರು ಗಂಡ ದೇವರಾಜನದು. ಎರಡು ಕೈ ಬದಲಾಗಿ ಬಂದ ಡೀಸೆಲ್ ಅಂಬಾಸಿಡರ್. ದೇವರಾಜ್ ಹಳೇಬೀಡಿನ ಹತ್ತಿರದ ಒಂದು ಹೈಸ್ಕೂಲಿಗೆ ಹೆಡ್‌ಮಾಸ್ಟರ್. ಎರಡು ವರ್ಷದ ಹಿಂದೆ ಅವನ ಬೆನ್ನಿಗೆ ಆಪರೇಷನ್ ಆಗಿತ್ತು. ಬಸ್ಸಿನಲ್ಲಿ ನಿಂತು ಹೋಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಬೆಳಗಿನ ಬಸ್ಸಿನಲ್ಲಿ ಜಾವಗಲ್ ದಾಟುವ ತನಕ ಸೀಟು ಸಿಗುವ ಮಾತೇ ಇಲ್ಲ. ಹಾಗಾಗಿ ಕಾರು ಬಂತು. ಓಡಿಸುವುದು ಅವನಿಗೆ ಗೊತ್ತು, ತಳ್ಳಲು ಆಗದು. ತಳ್ಳಲು ಇವಳಿಗಾಗುತ್ತದೆ, ಓಡಿಸಲು ಬರದು. ಹೀಗೆ ಕೆಲಸ ತಾನಾಗಿಯೇ ಹಂಚಿಹೋಯಿತು.

ಮನೆಯ ಮುಂದಿನ ರಸ್ತೆ ಕೊಂಚ ಇಳಿಜಾರು. ಮೊದಲ ಹತ್ತು ಹೆಜ್ಜೆ ಕಷ್ಟ, ಆಮೇಲೆ ಕಾರು ತಾನೇ ಉರುಳುತ್ತಿತ್ತು. ಮೂಲೆಯ ಹುಣಸೆಮರ ಸಿಗುವಷ್ಟರಲ್ಲಿ ಇಂಜಿನ್ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಹತ್ತಿಕೊಳ್ಳುತ್ತಿತ್ತು. ಆ ಹೊಗೆಯೆಲ್ಲ ರಮಾಳ ಮುಖಕ್ಕೆ. ಮನೆಗೆ ಬಂದು ಮತ್ತೆ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಡಬ್ಬಿ ಕಟ್ಟಿಕೊಂಡು ಓಡುವುದು. ಗಂಡನ ಜೊತೆ ಹೋಗುವ ಇಬ್ಬರು ಮೇಷ್ಟರುಗಳಲ್ಲಿ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ, ಇನ್ನೊಬ್ಬರು ಹಾರನಹಳ್ಳಿಯಲ್ಲಿ ಹತ್ತುತ್ತಿದ್ದರು. ಅಷ್ಟು ಹೊತ್ತಿಗೆ ಕಾರು ಬಿಸಿಯಾಗಿರುತ್ತಿತ್ತು. ಅದನ್ನು ಯಾರೋ ತಳ್ಳಿರುತ್ತಾರೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಗ್ಯಾರೇಜಿಗೆ ಎರಡು ಸಲ ಬಿಟ್ಟಿದ್ದಾಗಿತ್ತು. ಮೊದಲನೇ ಸಲ ಬ್ಯಾಟರಿ ಹೊಸದಾಯಿತು. ಎರಡನೇ ಸಲ ಡೀಸೆಲ್ ಪಂಪು ಬಿಚ್ಚಿ ಕಟ್ಟಿದರು. ಪ್ರತಿಸಲವೂ ಮಧ್ಯಾಹ್ನ ಸ್ಟಾರ್ಟ್ ಮಾಡಿ ತೋರಿಸುತ್ತಿದ್ದರು, ಮಧ್ಯಾಹ್ನದ ಬಿಸಿಲಿಗೆ ಕಾರು ಸೆಲ್ಫ್ ಸ್ಟಾರ್ಟರಿನಲ್ಲಿ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತಿತ್ತು. ಮಾರನೇ ಬೆಳಿಗ್ಗೆ ಮತ್ತೆ ಅದೇ ಹಟ.

ಡಿಸೆಂಬರಿನ ಒಂದು ಶನಿವಾರ ಮಂಜು ಬಿದ್ದಿತ್ತು. ರಮಾ ಎಂದಿನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಿಕ್ಕಿಗೆ ಎರಡೂ ಕೈ ಕೊಟ್ಟು ತಳ್ಳಿದಳು. ಅವತ್ತು ಇಂಜಿನ್ ಎಂಟನೇ ಹೆಜ್ಜೆಗೇ ಹತ್ತಿಕೊಂಡಿತು. ಕಾರು ಜಗ್ಗಿ ಮುಂದಕ್ಕೆ ಹೋಯಿತು, ಅವಳು ಮುಗ್ಗರಿಸಿ ರಸ್ತೆಗೆ ಬಿದ್ದಳು. ಎರಡೂ ಅಂಗೈ ಜಲ್ಲಿಗೆ ಉಜ್ಜಿ ಚರ್ಮ ಕಿತ್ತುಬಂತು. ತಲೆ ಎತ್ತಿದಾಗ ಕಾರು ಹುಣಸೆಮರ ದಾಟಿ ತಿರುಗುತ್ತಿತ್ತು. ನಿಲ್ಲಲಿಲ್ಲ.

ಪಕ್ಕದ ಮನೆಯ ರಾಮಣ್ಣ ಹೊರಗೆ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಯಾವುದೋ ಇಲಾಖೆಯ ಜೀಪ್ ಓಡಿಸಿ ನಿವೃತ್ತನಾದವನು. ಮೊದಮೊದಲು ಅವನೂ ಬಂದು ತಳ್ಳುತ್ತಿದ್ದ, ಮಂಡಿನೋವು ಶುರುವಾದ ಮೇಲೆ ಬಿಟ್ಟಿದ್ದ.

"ಮಧ್ಯಾನ ಸಲೀಸಾಗಿ ಸ್ಟಾರ್ಟ್ ಆಯ್ತದಾ?" ಎಂದು ಕೇಳಿದ.

"ಆಗುತ್ತೆ. ಬೆಳಿಗ್ಗೆ ಮಾತ್ರ ಹಿಂಗೆ."

"ಹಂಗಾರೆ ಪಂಪಲ್ಲ ಕಣಮ್ಮ, ಹೀಟರ್ ಪ್ಲಗ್ಗು. ಡೀಸೆಲ್ ಇಂಜಿನ್ನು ತಣ್ಣಗಿದ್ರೆ ಹತ್ತಲ್ಲ, ಒಳಗೆ ಬಿಸಿ ಮಾಡಕ್ಕೆ ಅಂತ ನಾಕು ಕಡ್ಡಿ ಇರ್ತವೆ. ಅವು ಸುಟ್ಟೋಗಿರ್ಬೇಕು."

"ಸುಟ್ಟಿದೆಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

"ಬಲ್ಬ್ ಹಾಕಿ ನೋಡದು. ಕರೆಂಟ್ ದಾಟಿದ್ರೆ ಬಲ್ಬ್ ಉರಿತದೆ. ನಾನೇ ನೋಡ್ತಿದ್ದೆ, ಈಗ ಕಣ್ಣು ಸರಿಯಾಗಿ ಕಾಣಕ್ಕಿಲ್ಲ."

ರಮಾ ಅಂಗೈ ತೊಳೆದುಕೊಂಡು, ಅರಿಸಿನ ಹಚ್ಚಿ ಕಾಲೇಜಿಗೆ ಹೋದಳು. ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಅವಳು ಮಾಡುತ್ತ ಬಂದಿದ್ದು ಅದೇ ಕೆಲಸ. ಮಕ್ಕಳು ವೈರು ಜೋಡಿಸಿ, ಮೀಟರಿನ ಮುಳ್ಳು ಅಲ್ಲಾಡದೆ ಗಾಬರಿಯಾಗಿ ನಿಂತಾಗ, ಲೆಕ್ಚರರ್ ಬರುವ ಮುಂಚೆಯೇ ಅವಳು ಹೋಗಿ ಒಂದೊಂದೇ ವೈರು ಮುಟ್ಟಿ ತುಂಡಾದದ್ದು ಯಾವುದೆಂದು ಹೇಳಿಬಿಡುತ್ತಿದ್ದಳು. ಅದನ್ನೊಂದು ವಿದ್ಯೆ ಎಂದು ಅವಳೂ ಅಂದುಕೊಂಡಿರಲಿಲ್ಲ.

ಅರ್ಧ ದಿನದ ಸ್ಕೂಲು ಮುಗಿಸಿ ದೇವರಾಜ್ ಮೂರು ಗಂಟೆಗೆ ಬಂದ. ಊಟಕ್ಕೆ ಬಡಿಸುವಾಗ ಅವಳ ಅಂಗೈ ನೋಡಿದ.

"ಕನ್ನಡೀಲಿ ಕಂಡೆ. ನಿಲ್ಸಿದ್ರೆ ಮತ್ತೆ ಆಫ್ ಆಗಿಬಿಡ್ತಿತ್ತು" ಎಂದ.

"ಗೊತ್ತು."

"ಕೋಪ ಬಂತಾ?"

"ಕೋಪ ಏನಿಲ್ಲ. ಸಾಕಾಗಿದೆ ಅಷ್ಟೆ. ಸೋಮವಾರದಿಂದ ನಾನು ತಳ್ಳಲ್ಲ ರೀ."

ಅವನು ಗ್ಯಾರೇಜಿನವರಿಗೆ ಹೇಳಿ ಕಳಿಸುತ್ತೇನೆ ಎಂದ. ಬೇಡ, ನಾಳೆ ಬಾನೆಟ್ ತೆಗೆದುಕೊಡಿ, ಸಾಕು ಎಂದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರುಮಾಡಿದರು. ಡಬ್ಬದಲ್ಲಿ ಬಿದ್ದಿದ್ದ ಇಂಡಿಕೇಟರ್ ಬಲ್ಬಿಗೆ ರಮಾ ಎರಡು ವೈರು ಸುತ್ತಿಕೊಂಡಿದ್ದಳು. ಇಂಜಿನ್ ಪಕ್ಕದಲ್ಲಿ ನಾಲ್ಕು ಪ್ಲಗ್ಗುಗಳ ತಲೆಯನ್ನು ಒಂದಕ್ಕೊಂದು ಸೇರಿಸುವ ತಗಡಿನ ಪಟ್ಟಿಯಿತ್ತು. ಅದು ಇದ್ದರೆ ಯಾವುದು ಸತ್ತಿದೆ, ಯಾವುದು ಬದುಕಿದೆ ತಿಳಿಯುವುದಿಲ್ಲವೆಂದು ನಟ್ಟು ಬಿಚ್ಚಿ ಪಟ್ಟಿ ತೆಗೆಸಿದಳು. ಒಂದು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ ಕಟ್ಟಿ, ಇನ್ನೊಂದರ ತುದಿಯನ್ನು ಮೊದಲನೇ ಪ್ಲಗ್ಗಿನ ತಲೆಗೆ ಮುಟ್ಟಿಸಿದಳು. ಬಲ್ಬು ಉರಿಯಲಿಲ್ಲ. ಬಲ್ಬೇ ಸರಿಯಿಲ್ಲವೇನೋ ಎಂದು ದೇವರಾಜ್ ಅಂದಾಗ, ವೈರಿನ ತುದಿಯನ್ನು ಇಂಜಿನ್ನಿನ ಬೋಳು ಕಬ್ಬಿಣಕ್ಕೆ ಮುಟ್ಟಿಸಿ ತೋರಿಸಿದಳು. ಉರಿಯಿತು. ಎರಡನೇ ಪ್ಲಗ್ಗು, ಇಲ್ಲ. ಮೂರನೆಯದು ಉರಿಯಿತು. ನಾಲ್ಕನೆಯದು ಇಲ್ಲ.

"ನಾಕರಲ್ಲಿ ಒಂದೇ ಇರೋದು" ಎಂದಳು.

ಎರಡು ಚಳಿಗಾಲ ಅವಳು ತಳ್ಳಿದ್ದಳು.

ಪಟ್ಟಿ ಮತ್ತೆ ಕೂರಿಸಿದ ಮೇಲೆ ಕಾರು ಇಳಿಜಾರಿನಲ್ಲಿ ಇನ್ನೊಂದು ಸಲ ತಳ್ಳಿಸಿಕೊಂಡೇ ಸ್ಟಾರ್ಟ್ ಆಯಿತು. ಇಂಜಿನ್ ಬೆಚ್ಚಗಾದರೆ ಪ್ಲಗ್ಗು ಸಡಿಲವಾಗುತ್ತದೆಂದು ರಾಮಣ್ಣ ಹೇಳಿದ್ದ. ಕಾಲು ಗಂಟೆ ಓಡಿಸಿ, ಆಫ್ ಮಾಡಿ, ಮೊದಲನೆಯದನ್ನು ಬಿಚ್ಚಿದರು. ಮಸಿ ಮೆತ್ತಿದ, ಬೆರಳುದ್ದದ ಕಡ್ಡಿ. ಅದನ್ನು ಕಾಗದದಲ್ಲಿ ಸುತ್ತಿಕೊಂಡು ರಮಾ ಬಿ.ಎಚ್. ರಸ್ತೆಗೆ ನಡೆದಳು. ಭಾನುವಾರ ಮಧ್ಯಾಹ್ನದ ತನಕ ತೆರೆದಿರುವ ಬಿಡಿಭಾಗಗಳ ಅಂಗಡಿ ಒಂದೇ ಇತ್ತು.

ಅಂಗಡಿಯವನು ಪ್ಲಗ್ಗು ನೋಡಿ, ಅವಳನ್ನು ನೋಡಿ, "ಮೆಕ್ಯಾನಿಕ್ ಕಳ್ಸಿದ್ರಾ?" ಎಂದ.

ವಿವರಿಸಿ ಹೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ. "ಹ್ಞೂಂ" ಎಂದಳು.

"ಅವರಿಗೆ ಹೇಳಿ, ಬಿಗಿಯಾಗಿದ್ರೆ ಬಲ ಹಾಕ್ಬಾರ್ದು ಅಂತ. ಒಳಗೆ ಮುರ್ಕೊಂಡ್ರೆ ಇಂಜಿನ್ ಹೆಡ್ಡೇ ಬಿಚ್ಚಬೇಕಾಗುತ್ತೆ."

"ಹೇಳ್ತೀನಿ."

ತಂದ ಮೂರು ಹೊಸ ಪ್ಲಗ್ಗುಗಳನ್ನೂ ಹಾಕುವ ಮುಂಚೆ ಬ್ಯಾಟರಿಗೆ ಹಿಡಿದು ನೋಡಿದಳು. ಪ್ಲಗ್ಗಿನ ಮೈ ಮೈನಸ್ಸಿಗೆ, ತಲೆ ಪ್ಲಸ್ಸಿಗೆ. ಹತ್ತು ಎಣಿಸುವಷ್ಟರಲ್ಲಿ ತುದಿ ಕೆಂಡದಂತೆ ಕೆಂಪಾಯಿತು. ದೇವರಾಜ್ ಕನ್ನಡಕ ಏರಿಸಿಕೊಂಡು ನೋಡಿದ. "ಇಷ್ಟೇನಾ?" ಎಂದ. "ಇಷ್ಟೇ" ಎಂದಳು.

ಮೊದಲ ಎರಡು ಸುಲಭವಾಗಿ ಕೂತವು. ನಾಲ್ಕನೆಯ ಜಾಗದ ಹಳೇ ಪ್ಲಗ್ಗು ಜಪ್ಪಯ್ಯ ಅಂದರೂ ಕದಲಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾದರು. ದೇವರಾಜ್ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯಲು ಹೋಗಿ, ಬೆನ್ನು ಹಿಡಿದುಕೊಂಡು ಕೂತ. ರಮಾ ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು.

"ಬಿಟ್ಬಿಡಿ. ಮೂರು ಕೆಲಸ ಮಾಡಿದ್ರೆ ಸಾಕು."

"ಅರ್ಧಕ್ಕೇ ನಿಲ್ಸೋದಾ?"

"ಒಂದ್ರಲ್ಲೇ ಎರಡು ವರ್ಷ ಓಡಿದೆ."

ಸೋಮವಾರ ಬೆಳಿಗ್ಗೆ ಕೀ ತಿರುಗಿಸಿ ಹಿಡಿದು ಇಪ್ಪತ್ತು ಎಣಿಸಬೇಕು, ಆಗ ಪ್ಲಗ್ಗು ಕಾಯುತ್ತದೆ ಎಂದು ಹಿಂದಿನ ದಿನವೇ ರಾಮಣ್ಣ ಹೇಳಿಕೊಟ್ಟಿದ್ದ. ದೇವರಾಜ್ ತುಟಿ ಅಲ್ಲಾಡಿಸುತ್ತ ಎಣಿಸಿದ. ಮೊದಲ ಸಲ ಸೆಲ್ಫ್ ಹಾಕಿದಾಗ ಇಂಜಿನ್ ಗುರ್ರೆಂದು ಸುಮ್ಮನಾಯಿತು. ಎರಡನೇ ಸಲಕ್ಕೆ ನಡುಗುತ್ತ, ಒಂದು ಕಡೆ ಎಳೆಯುತ್ತ ಹತ್ತಿಕೊಂಡಿತು. ಅವನು ಕಿಟಕಿಯಿಂದ ಕೈ ಎತ್ತಿದ. ರಮಾ ಗೇಟಿನ ಹತ್ತಿರ ನಿಂತಿದ್ದವಳು ತಲೆಯಾಡಿಸಿದಳು. ಖುಷಿಯಾಗುತ್ತದೆ ಅಂದುಕೊಂಡಿದ್ದಳು. ಆಗಿದ್ದು ಖುಷಿಯಲ್ಲ. ಕಾಲಲ್ಲಿ ಇಷ್ಟು ನೋವಿತ್ತೆಂದು ಆಗಲೇ ಗೊತ್ತಾಯಿತು.

ಆಮೇಲೆ ಕಾರಿನ ಕೆಲಸವೆಲ್ಲ ಅವಳದೇ ಆಯಿತು. ಬ್ಯಾಟರಿಗೆ ನೀರು, ರೇಡಿಯೇಟರಿಗೆ ನೀರು, ಭಾನುವಾರ ವೈರು ನೋಡುವುದು. ರಿಪೇರಿ ಮಾಡಿದ್ದು ಹೆಂಡತಿ ಎಂದು ಮೇಷ್ಟರುಗಳಿಗೆ ದೇವರಾಜ್ ನಿಜವನ್ನೇ ಹೇಳಿದ, ಅವರು ತಮಾಷೆ ಎಂದುಕೊಂಡು ನಕ್ಕರು. ನಗಲಿ ಬಿಡಿ ಎಂದಳು ರಮಾ. ೨೦೦೫ರಲ್ಲಿ ಅವನಿಗೆ ಅರಸೀಕೆರೆಗೇ ವರ್ಗವಾಗಿ ಕಾರು ಮಾರುವ ತನಕ ಹಾಗೆಯೇ ನಡೆಯಿತು.

ಆ ಮೊದಲ ಸೋಮವಾರ ಮಾತ್ರ, ಕಾರು ಹೋದ ಮೇಲೆ ಅರ್ಧ ಗಂಟೆ ಉಳಿದಿದೆಯಲ್ಲ ಎಂದು ಚಾಪೆಯ ಮೇಲೆ ಒರಗಿದವಳಿಗೆ ಎಚ್ಚರವಾದಾಗ ಹತ್ತೂಕಾಲು. ಓಡಿದಳು. ಲ್ಯಾಬಿನಲ್ಲಿ ಲೆಕ್ಚರರ್ ಅರುಣ್‌ಕುಮಾರ್ ತಾವೇ ಮೀಟರುಗಳನ್ನು ಮೊದಲನೇ ಮೇಜಿಗೆ ಜೋಡಿಸುತ್ತಿದ್ದರು.

"ಹುಷಾರಿರಲಿಲ್ವಾ ರಮಾ ಅವರೇ?"

"ಹುಷಾರಾಗಿದ್ದೆ ಸಾರ್. ನಿದ್ದೆ ಬಂದ್ಬಿಡ್ತು."

ಹದಿನಾರು ವರ್ಷದಲ್ಲಿ ಅವಳು ಒಂದು ದಿನವೂ ತಡವಾಗಿ ಬಂದವಳಲ್ಲ. ಅವರು ಕೈಯಲ್ಲಿದ್ದ ವೈರಿನ ಕಟ್ಟನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ಬಿಡಿಸುತ್ತ ಎರಡನೇ ಮೇಜಿನಿಂದ ಶುರುಮಾಡಿದಳು.